ನೀಲಿ ದಾರದ ಐದು

ಸಂಖದಾಗ ಎಸ್ಟಿ ಇಳಿದರ ಹೌಸವ್ವನ ಹಟ್ಟಿತನಕ
ಒಂದು ಬನ್ನಿಗಿಡ, ಅರ್ಧ ಬೇವು, ಬಾಕಿ ಎಲ್ಲಾ ಬೈಲು.
ಬೋರ್ಡು ಮರಾಠಿ, ಬೈಗುಳ ಕನ್ನಡ.
ಬಿಸಿಲಿಗೆ 'ಊನ' ಅಂತ ಕಲಿಸ್ಯಾರ ಸಾಲ್ಯಾಗ;
ಮನ್ಯಾಗ ಊನ ಅಂದರ ಕೊರತಿ.
ಏನೂ ಕೊರತಿ ಇದ್ದಿಲ್ಲ ಆ ಊನಕ್ಕ.

ನಾ ಪಶುಸಖಿ. ಚೀಲದಾಗ
ಥರ್ಮಾಮೀಟರು, ಎರಡು ರೀಲು ದಾರ,
ನೂರು ಹಾಳಿಯ ನೋಟಬುಕ್ಕು,
ಡಾಕ್ಟರು ಕೊಟ್ಟ ಪುಡಿಯ ಡಬ್ಬಿ:
ಜಿಂಕು, ಸೋಡಾ, ಉಪ್ಪು, ನೆಲ್ಲಿಕಾಯಿಯ ಹುಳಿ,
ಇನ್ನೂ ಉದ್ದುದ್ದ ಹೆಸರು ಅದಾವ, ನಾ ಇಷ್ಟ ಬಲ್ಲೆ.

ಹತ್ತು ಆಡು. ಐದರ ಕೊರಳಿಗೆ ಕೆಂಪು ದಾರ, ಐದಕ್ಕ ನೀಲಿ.
ಕೆಂಪಿಗೆ ದಿನಾ ಮುಂಜಾನೆ ಜೋಳದ ನುಚ್ಚಿನಾಗ ಒಂದು ಚಮಚ.
ನೀಲಿಗೆ ಬರೇ ನುಚ್ಚು.
"ಯಾಕ?" ಅಂದಳು ಹೌಸವ್ವ.
"ಫರಕು ನೋಡಬೇಕು, ಆಯಿ."
"ಫರಕು" ಅಂದಳು,
ಅನ್ನದಾಗ ಹರಳು ಸಿಕ್ಕವರಂಗ.

ಮಧ್ಯಾಹ್ನ ಎರಡಕ್ಕ ಎಣಿಸೂದು ನನ್ನ ಕೆಲಸ.
ಒಂದು ನಿಮಿಷ. ಪಕ್ಕಿ ಏರಿದ್ದು ಲೆಕ್ಕಕ್ಕ, ಇಳಿದದ್ದು ಇಲ್ಲ.
ನಮ್ಮಂಗ ಸೆರಗಿಲೆ ಬೆವರು ಒರೆಸಿಕೊಳ್ಳೂದಿಲ್ಲ ಆಡು;
ಒಳಗಿನ ಕಾವು ಬಾಯಿಲೆ ಹೊರಗ ಹಾಕಬೇಕು,
ಚೂರು ಚೂರು, ಗಡಬಡಿಸಿ,
ಸಾಲಗಾರ ಬಾಗಿಲಿಗೆ ನಿಂತವರಂಗ.

ಮೊದಲನೇ ವಾರ ಕೆಂಪು ಎಪ್ಪತ್ತೆರಡು, ನೀಲಿ ನೂರಾ ಹದಿನಾಲ್ಕು.
ನೀಲಿ ದಾರದ ಚಂದ್ರಿ, ಗಬ್ಬದಾಕಿ,
ನಾಲಿಗಿ ಹೊರಗ, ಜೊಲ್ಲು ದಾರದ ತನಕ,
ನೂರಾ ಮೂವತ್ತು. ಎರಡು ಸಲ ಎಣಿಸಿದೆ.
ಹೌಸವ್ವ ನನ್ನ ತುಟಿ ನೋಡತಿದ್ದಳು,
ನಾ ನೀಲಿಯ ಮುಂದ ಕೂತಾಗ ಮಾತ್ರ.

ಎರಡನೇ ವಾರ ನೀಲಿ ತೊಂಬತ್ತು. ಆಮ್ಯಾಗ ಎಂಬತ್ತು.
ಆಮ್ಯಾಗ ಎಪ್ಪತ್ತೈದು.
ಥರ್ಮಾಮೀಟರು ನಲವತ್ತೆರಡರಿಂದ ಕದಲಿದ್ದಿಲ್ಲ.
ಗಡಿಯಾರ ಕೆಟ್ಟೀತಂತ ಮಾವನ ಗಡಿಯಾರ ತಂದೆ.
ಕಣ್ಣಿಗೆ ನೀರು ಹೊಡಕೊಂಡೆ.
ಕಡೀಕ ಡಬ್ಬಿ ಎತ್ತಿದೆ. ಹಗುರ.
ತಿಂಗಳದ ಪುಡಿ, ಹದಿನೆಂಟು ದಿನಕ್ಕ ತಳ.

ನಾ ಕೇಳಲಿಲ್ಲ. ಹಗ್ಗ ಹೊಸಕೋತ ಆಕೀನ ಅಂದಳು:
"ಕೆಂಪಿಗೆ ತಿನಿಸೂ ಮುಂದ ನೀಲಿ ಐದೂ
ಸಾಲಾಗಿ ನಿಂತು ನನ್ನ ಕೈ ನೋಡತಿದ್ವು.
ಏಳು ಹಡದಾಕಿ ನಾ. ಎರಡು ಮಣ್ಣಿಗೆ ಕೊಟ್ಟಾಕಿ.
ಒಂದು ತಾಟಿಗೆ ತುಪ್ಪ ಬಿಟ್ಟು
ಮಗ್ಗಲದ ತಾಟಿಗೆ ಬರೇ ಅನ್ನ ಬಡಿಸೂದು
ನನಗ ಬರೂದಿಲ್ಲವ್ವ.
ಚಮಚ ಕೈಯಾಗಿತ್ತು. ಅಷ್ಟ."

ಸಿಟ್ಟು ಬಂತು. ಖರೇ ಹೇಳತೇನಿ, ಭಾಳ ಬಂತು.
ಹದಿನೆಂಟು ಮಧ್ಯಾಹ್ನ, ನನ್ನ ನೆತ್ತಿ.
"ಆಯಿ, ಈ ಐದು ತಿಂಗಳು ತಡಕೊಂಡಿದ್ದರ
ಫರಕು ತೋರಿಸಿ ಊರ ಆಡಿಗೆಲ್ಲಾ ಪುಡಿ ಕೇಳಬಹುದಿತ್ತು."
ಹಗ್ಗ ನಿಂತಿತು.
ಇದನ್ನ ಯಾರೂ ಆಕೀಗೆ ಹೇಳಿದ್ದಿಲ್ಲ.
ನಾನೂ ಹೇಳಿದ್ದಿಲ್ಲ.

ನೋಟಬುಕ್ಕು ಬಿಡಿಸಿ ತೋರಿಸಿದೆ.
ಎಂಟನೇ ದಿನದಿಂದ ನೀಲಿ ಗೆರಿ ಇಳಕೋತ ಬಂದು
ಕೆಂಪಿನ ಮಗ್ಗಲಕ ಕೂತಿತ್ತು,
ನೆರಳು ಸಿಕ್ಕ ಆಡಿನಂಗ.
ಮೂಗಿನ ಹತ್ತರ ಹಿಡಿದು ನೋಡಿದಳು, ತಲಿಕೆಳಗ ಹಿಡಿದಿದ್ದಳು.
"ಇಲ್ಲೇ ನಾನು?" ಅಂದಳು ಬೆರಳಿಟ್ಟು.
ತಿರುಗಿಸಿ ಹಿಡಿಸಿದೆ. "ಇಲ್ಲಿ."
ಅಲ್ಲೇ ಬರೆದೆ, ಡಾಕ್ಟರು ಏನರ ಅನ್ನಲಿ:
ಎಂಟನೇ ದಿನದಿಂದ ನೀಲಿಗೂ ಪುಡಿ.
ಕೊಟ್ಟವರು ಹೌಸವ್ವ ಮಾಳಪ್ಪ ಕೊಳೇಕರ.

ಚಂದ್ರಿ ಎದ್ದು ಬಂದು ಖಾಲಿ ಡಬ್ಬಿ ನೆಕ್ಕಿತು.
ಎಪ್ಪತ್ತೊಂದು. ರೂಢಿಗೆ ಬಿದ್ದು ಎಣಿಸಿದ್ದೆ.

ಎಸ್ಟಿ ಹಾರ್ನು ಹೊಡೀತು. ಚಪ್ಪಲಿ ಮೆಟ್ಟಿದೆ.
"ಹೊಸಾ ಡಬ್ಬಿ ಬಂದರ," ಅಂದಳು ಹಿಂದಿನಿಂದ,
"ಈಗ ಯಾವ ಹಟ್ಟಿಯವು ತಡಕೋಬೇಕು?"

ಓಡಿದೆ. ಚೀಲದಾಗ ಎರಡು ರೀಲು
ಒಂದಕ್ಕೊಂದು ಹಾಯತಿದ್ವು.